ಎರಡು ಪರದೆ, ಒಂದು ಮೋಡೆಮ್: ನಿಮ್ಮ ಯಂತ್ರಕ್ಕೆ ನೀವೇ ಯಜಮಾನರಾಗಿ

(ಯುವಕ ಯುವತಿಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ಇವತ್ತು ನಾನು ಘೋಷಣೆ ಕೂಗಲು ನಿಂತಿಲ್ಲ. ಕೇಬಲ್ಲು, ಮಾನಿಟರು, ಮೋಡೆಮ್ಮುಗಳ ಬಗ್ಗೆ ಮಾತಾಡಲು ನಿಂತಿದ್ದೇನೆ. ಇದೆಂಥ ವಿಷಯ ಎಂದು ಮೂಗು ಮುರಿಯಬೇಡಿ. ಕೆಲಸಕ್ಕೆ ಅರ್ಜಿ ಹಾಕಲು ಕಂಪ್ಯೂಟರ್ ಬೇಕು, ಓದಲು ಬೇಕು, ನಾಲ್ಕು ಕಾಸು ದುಡಿಯಲು ಬೇಕು. ಅದು ಕೈಕೊಟ್ಟ ದಿನ ನೀವು ಯಾರ ಬಾಗಿಲಲ್ಲಿ ನಿಲ್ಲುತ್ತೀರಿ? ಪ್ರಶ್ನೆ ಇರುವುದು ಅಲ್ಲಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಹಾಗಾದರೆ ಅದಕ್ಕಿಂತ ಹಳೆಯ ಯಂತ್ರಗಳೆಲ್ಲ ಕಸವೇ? ಅಲ್ಲವೇ ಅಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಆಗಿ ಸಿಗುವ ಗಟ್ಟಿಮುಟ್ಟಾದ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿದರೆ ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ. ಲಿನಕ್ಸಿಗೆ ಲೈಸೆನ್ಸಿನ ಹಣವೂ ಇಲ್ಲ, ಕದ್ದ ಸಿ.ಡಿ.ಯ ಅಳುಕೂ ಇಲ್ಲ.

ಆದರೂ ನಮ್ಮ ಹುಡುಗರು ಲಿನಕ್ಸ್ ಹಾಕಿ ಎರಡೇ ದಿನಕ್ಕೆ ಕೈಬಿಡುತ್ತಾರೆ. ಕಾರಣ ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಎರಡೇ. ಇಂಟರ್‌ನೆಟ್ ಸಿಗಲಿಲ್ಲ, ಎರಡನೇ ಮಾನಿಟರ್ ಹತ್ತಲಿಲ್ಲ. ಈ ಎರಡು ಗಂಟುಗಳನ್ನು ಇವತ್ತು ಬಿಚ್ಚೋಣ.

ದೇವರು ಕೊಟ್ಟರೂ ಪೂಜಾರಿ ಕೊಡ

ಮೊದಲು ಮೂಲ ತಿಳಿಯಿರಿ. ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ ಬೇಕು ಎಂದು 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದರು. 1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ ಎಂದು ತಿಳಿಸಿದರು. ಆಗ ಅವರ ವಯಸ್ಸು 21. ನಿಮ್ಮದೇ ಪ್ರಾಯ! ಅವರು ಬರೆದ ಕರ್ನಲ್ 1992ರಲ್ಲಿ ಗ್ನೂ ಜಿಪಿಎಲ್ ಲೈಸೆನ್ಸಿನಡಿ ಬಂತು.

ಕರ್ನಲ್ ಇದ್ದರೆ ಸಾಲದು. ಪ್ರತಿಯೊಂದು ಬಿಡಿಭಾಗದ ಜೊತೆ ಮಾತಾಡಲು ಒಬ್ಬ ದುಭಾಷಿ ಬೇಕು. ಅವನ ಹೆಸರೇ ಡ್ರೈವರ್. ಬಿಡಿಭಾಗ ಮಾಡಿದ ಕಂಪನಿ ಅದರ ಗುಟ್ಟು ಬಿಟ್ಟುಕೊಡದಿದ್ದರೆ ಡ್ರೈವರ್ ಬರೆಯುವುದು ಹೇಗೆ? ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಗಾದೆ ಇಲ್ಲಿ ನೂರಕ್ಕೆ ನೂರು ನಿಜ. ಹಾಗಾಗಿ ಏನಾದರೂ ಕೈಕೊಟ್ಟಾಗ ಮೊದಲು ಕೇಳಬೇಕಾದ ಪ್ರಶ್ನೆ: ಈ ಭಾಗಕ್ಕೆ ದುಭಾಷಿ ಇದ್ದಾನೋ ಇಲ್ಲವೋ?

ಮೋಡೆಮ್ಮಿನ ಕಥೆ

ನಮ್ಮ ದೇಶದ ಜನಸಾಮಾನ್ಯರಿಗೆ ವಿ.ಎಸ್.ಎನ್.ಎಲ್. ಇಂಟರ್‌ನೆಟ್ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಆಗ ಮೋಡೆಮ್ ಅಂದರೆ ಫೋನ್ ತಂತಿಗೆ ಜೋಡಿಸಿ ಕಿರ್ರೋ ಅನ್ನಿಸುವ ಪೆಟ್ಟಿಗೆ. ಕಂಪ್ಯೂಟರಿನ ಸೊನ್ನೆ ಒಂದುಗಳನ್ನು ಧ್ವನಿಯಾಗಿ ಮಾರ್ಪಡಿಸುವುದು, ಆ ಕಡೆಯಿಂದ ಬಂದ ಧ್ವನಿಯನ್ನು ಮತ್ತೆ ಸೊನ್ನೆ ಒಂದಾಗಿಸುವುದು, ಇಷ್ಟೇ ಅದರ ಕಸುಬು. 1998ರಲ್ಲಿ ಬಂದ ವಿ.90 ಮಾನದಂಡದಲ್ಲಿ ವೇಗ ಸೆಕೆಂಡಿಗೆ ಹೆಚ್ಚೆಂದರೆ 56 ಕಿಲೋಬಿಟ್. ಒಂದು ಮೆಗಾಬೈಟ್ ಇಳಿಸಲು ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕಿತ್ತು!

ಆ ಕಾಲದಲ್ಲಿ ಎರಡು ಜಾತಿಯ ಮೋಡೆಮ್ ಇದ್ದವು. ಸೀರಿಯಲ್ ಪೋರ್ಟಿಗೆ ಹೊರಗಿನಿಂದ ಸಿಕ್ಕಿಸುವ ಮೋಡೆಮ್ ತನ್ನ ಕೆಲಸ ತಾನೇ ಮಾಡುತ್ತಿತ್ತು. ಲಿನಕ್ಸಿನಲ್ಲಿ ಅದು ಸಲೀಸಾಗಿ ಓಡುತ್ತಿತ್ತು. ಇನ್ನೊಂದು, ಅಗ್ಗದ ವಿನ್‌ಮೋಡೆಮ್. ಅದರೊಳಗೆ ಲೆಕ್ಕ ಮಾಡುವ ಚಿಪ್ಪೇ ಇರುತ್ತಿರಲಿಲ್ಲ. ಆ ದುಡಿಮೆಯನ್ನೆಲ್ಲ ಕಂಪ್ಯೂಟರಿನ ಪ್ರೊಸೆಸರಿನ ತಲೆಗೆ ಕಟ್ಟುತ್ತಿದ್ದರು. ಹಾಗೆ ಕಟ್ಟುವ ತಂತ್ರಾಂಶವನ್ನು ಹೆಚ್ಚಿನ ಕಂಪನಿಗಳು ವಿಂಡೋಸಿಗೆ ಮಾತ್ರ ಕೊಟ್ಟವು. ಲಿನಕ್ಸ್ ಹಾಕಿದವನ ಪಾಲಿಗೆ ಅದು ಬರೀ ಪ್ಲಾಸ್ಟಿಕ್ ತುಂಡು. ಲಿನಕ್ಸ್ ಸರಿಯಿಲ್ಲ ಎಂಬ ಅಪವಾದ ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ತಪ್ಪು ಯಾರದು, ಬೈಗುಳ ಯಾರಿಗೆ?

ಇಂದಿನ ಮೋಡೆಮ್ ಅಂದರೆ ಸಿಮ್ ಹಾಕಿ ಯುಎಸ್‌ಬಿಗೆ ಸಿಕ್ಕಿಸುವ ಡಾಂಗಲ್. ಇದರದು ಹೊಸ ನಾಟಕ. ಅನೇಕ ಡಾಂಗಲ್‌ಗಳು ಸಿಕ್ಕಿಸಿದ ಕೂಡಲೇ ಮೋಡೆಮ್ ಎಂದು ಹೇಳಿಕೊಳ್ಳುವುದಿಲ್ಲ, ನಾನು ಸಿ.ಡಿ. ಡ್ರೈವ್ ಎನ್ನುತ್ತವೆ! ವಿಂಡೋಸಿನ ಡ್ರೈವರನ್ನು ತಮ್ಮ ಹೊಟ್ಟೆಯಲ್ಲೇ ಹೊತ್ತು ತರಲು ಹೂಡಿದ ಉಪಾಯ ಇದು. ಆ ವೇಷ ಕಳಚಿಸಿ ಮೋಡೆಮ್ ಆಗಿಸಲು ಲಿನಕ್ಸಿನಲ್ಲಿ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪುಟ್ಟ ತಂತ್ರಾಂಶವಿದೆ. ಅದು ನಿಮ್ಮ ಯಂತ್ರದಲ್ಲಿ ಇದೆಯೇ ನೋಡಿಕೊಳ್ಳಿ.

ಇಂಟರ್‌ನೆಟ್ ಇಲ್ಲದೆ ತಂತ್ರಾಂಶ ಬರುವುದಿಲ್ಲ, ತಂತ್ರಾಂಶ ಇಲ್ಲದೆ ಇಂಟರ್‌ನೆಟ್ ಬರುವುದಿಲ್ಲ ಎಂದು ತಲೆ ಚಚ್ಚಿಕೊಳ್ಳಬೇಡಿ. ನಿಮ್ಮ ಜೇಬಿನಲ್ಲಿರುವ ಮೊಬೈಲನ್ನು ಕೇಬಲ್ಲಿನಲ್ಲಿ ಜೋಡಿಸಿ, ಅದರಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿ. ಮೊಬೈಲೇ ನೆಟ್‌ವರ್ಕ್ ಕಾರ್ಡಾಗುತ್ತದೆ. ಮೋಡೆಮ್ ಕಂಕುಳಲ್ಲೇ ಇಟ್ಟುಕೊಂಡು ಊರೆಲ್ಲ ಹುಡುಕುವುದು ಬೇಡ. ಬೇಕಾದ್ದನ್ನು ಅದರಿಂದ ಇಳಿಸಿಕೊಂಡು ಆಮೇಲೆ ಡಾಂಗಲ್ಲಿಗೆ ಕೈ ಹಾಕಿ.

ಈಗ ಕ್ರಮ ಕೇಳಿ. ಟರ್ಮಿನಲ್ ತೆರೆದು ಎಲ್-ಎಸ್-ಯು-ಎಸ್-ಬಿ ಎಂದು ಬರೆದು ಎಂಟರ್ ಒತ್ತಿ. ಡಾಂಗಲ್ಲಿನ ಹೆಸರು ಪಟ್ಟಿಯಲ್ಲಿದೆಯೇ? ಇಲ್ಲದಿದ್ದರೆ ಪೋರ್ಟ್ ಬದಲಿಸಿ. ಕ್ಯಾಬಿನೆಟ್ಟಿನ ಹಿಂಭಾಗದ ಪೋರ್ಟಿಗೆ ಸಿಕ್ಕಿಸಿ. ಹೆಸರಿದ್ದರೆ ಡಿ-ಮೆಸೇಜ್ ಆದೇಶ ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಟಿಟಿವೈ-ಯುಎಸ್‌ಬಿ-ಸೊನ್ನೆ ಎಂಬಂಥ ಹೆಸರು ಕಂಡರೆ ಮೋಡೆಮ್ ಎದ್ದು ಕೂತಿದೆ ಎಂದರ್ಥ. ಕೆಲವು ಡಾಂಗಲ್‌ಗಳು ಇದನ್ನೂ ಬಿಟ್ಟು ನೇರವಾಗಿ ನೆಟ್‌ವರ್ಕ್ ಕಾರ್ಡಿನಂತೆ ಕಾಣಿಸಿಕೊಳ್ಳುತ್ತವೆ. ಆಗ ಕೆಲಸ ಇನ್ನೂ ಹಗುರ.

ಆಮೇಲೆ ನೆಟ್‌ವರ್ಕ್ ಮ್ಯಾನೇಜರಿನಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಸಂಪರ್ಕ ಸೇರಿಸಿ. ಅಲ್ಲಿ ಎಪಿಎನ್ ಕೇಳುತ್ತದೆ. ಜಿಯೋ ಸಿಮ್ಮಿಗೆ ಜಿಯೋನೆಟ್, ಬಿ.ಎಸ್.ಎನ್.ಎಲ್. ಸಿಮ್ಮಿಗೆ ಬಿಎಸ್‌ಎನ್‌ಎಲ್‌ನೆಟ್. ಇನ್ನೊಂದು ಎಚ್ಚರ: ಜಿಯೋ 2016ರಲ್ಲಿ ಶುರುವಾದದ್ದೇ 4ಜಿಯಿಂದ. ಅಂಗಡಿಯಲ್ಲಿ ಸಸ್ತಾ ಸಿಕ್ಕಿತೆಂದು 3ಜಿ ಡಾಂಗಲ್ ತಂದು ಆ ಸಿಮ್ ಹಾಕಿದರೆ ತಲೆಕೆಳಗೆ ನಿಂತರೂ ಓಡದು. ಅದು ಲಿನಕ್ಸಿನ ತಪ್ಪಲ್ಲ.

ಮೋಡೆಮ್ ಜೊತೆ ಮಿನಿಕಾಮ್‌ನಂಥ ತಂತ್ರಾಂಶದಲ್ಲಿ ನೀವೇ ಮಾತಾಡಲು ಹೋದಾಗ ಅನುಮತಿ ಇಲ್ಲ ಎಂದು ಬಂದರೆ ಗಾಬರಿಯಾಗಬೇಡಿ. ಉಬುಂಟು, ಡೆಬಿಯನ್‌ಗಳಲ್ಲಿ ಡಯಲ್‌ಔಟ್ ಎಂಬ ಗುಂಪಿನವರಿಗೆ ಮಾತ್ರ ಆ ಬಾಗಿಲು ತೆರೆಯುತ್ತದೆ. ನಿಮ್ಮ ಹೆಸರನ್ನು ಆ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ. ಮೋಡೆಮ್ ಮ್ಯಾನೇಜರ್ ಅದೇ ಪೋರ್ಟನ್ನು ಹಿಡಿದು ಕೂತಿದ್ದರೆ ಅದನ್ನು ನಿಲ್ಲಿಸಿ. ಒಂದೇ ಬಾಗಿಲಲ್ಲಿ ಇಬ್ಬರು ನುಗ್ಗಿದರೆ ಇಬ್ಬರೂ ಒಳಗೆ ಹೋಗಲಾರರು.

ಎರಡನೇ ಪರದೆ

ಎರಡು ಮಾನಿಟರ್ ಶೋಕಿಗಲ್ಲ. ಒಂದು ಪರದೆಯಲ್ಲಿ ಪಾಠ, ಇನ್ನೊಂದರಲ್ಲಿ ನಿಮ್ಮ ಬರಹ. ಒಂದರಲ್ಲಿ ಇಂಗ್ಲಿಷ್ ಮೂಲ, ಇನ್ನೊಂದರಲ್ಲಿ ಕನ್ನಡ ಅನುವಾದ. ಅನುವಾದ, ಅಕ್ಷರ ಜೋಡಣೆ, ಲೆಕ್ಕಪತ್ರದ ಕೆಲಸ ಮಾಡುವವರಿಗೆ ಇದು ಎರಡನೇ ಕೈ ಇದ್ದ ಹಾಗೆ.

ಲಿನಕ್ಸಿನಲ್ಲಿ ಇದು ಹೊಸದೂ ಅಲ್ಲ. 2000ದಲ್ಲಿ ಎಕ್ಸ್‌ಫ್ರೀ86ರ ನಾಲ್ಕನೇ ಆವೃತ್ತಿಯೊಡನೆ ಬಂದ ಕ್ಸಿನೆರಾಮ ಎರಡು ಪರದೆಗಳನ್ನು ಒಂದೇ ಅಂಗಳ ಮಾಡಿತು. ಆದರೆ ಉದ್ದನೆಯ ಫೈಲನ್ನು ಕೈಯಾರೆ ತಿದ್ದಬೇಕಿತ್ತು. 2007ರಲ್ಲಿ ರ‍್ಯಾಂಡ್‌ಆರ್ 1.2 ಬಂದ ಮೇಲೆ ಕೇಬಲ್ ಸಿಕ್ಕಿಸಿ, ಒಂದು ಆದೇಶ ಕೊಟ್ಟು, ಯಂತ್ರ ಓಡುತ್ತಿರುವಾಗಲೇ ಪರದೆ ಸೇರಿಸುವುದು ಸಾಧ್ಯವಾಯಿತು. ಇಂದು ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ ಎರಡು ಚೌಕಗಳನ್ನು ಎಳೆದು ಪಕ್ಕದಲ್ಲಿಟ್ಟರೆ ಆಯಿತು.

ಹತ್ತದಿದ್ದರೆ? ಕೇಬಲ್ಲಿನಿಂದ ಶುರುಮಾಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡೂ ಮಾನಿಟರನ್ನು ಆ ಕಾರ್ಡಿಗೇ ಸಿಕ್ಕಿಸಿ. ಒಂದನ್ನು ಕಾರ್ಡಿಗೆ, ಒಂದನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಅನೇಕ ಯಂತ್ರಗಳು ಮದರ್‌ಬೋರ್ಡಿನ ಪೋರ್ಟನ್ನು ಮುಚ್ಚಿಬಿಟ್ಟಿರುತ್ತವೆ. ಎಚ್‌ಡಿಎಂಐ ಪೋರ್ಟಿನಿಂದ ಹಳೆಯ ವಿಜಿಎ ಮಾನಿಟರಿಗೆ ಹೋಗಬೇಕಾದರೆ ಬರೀ ತಂತಿ ಸಾಲದು. ಒಂದು ಡಿಜಿಟಲ್, ಇನ್ನೊಂದು ಅನಲಾಗ್. ನಡುವೆ ಚಿಪ್ ಇರುವ ಪರಿವರ್ತಕವೇ ಬೇಕು.

ಮಾನಿಟರ್ ಹತ್ತಿದರೂ ಅಕ್ಷರ ದಪ್ಪದಪ್ಪವಾಗಿ 1024x768ರಲ್ಲೇ ನಿಂತಿದೆಯೇ? ಪ್ರತಿ ಮಾನಿಟರೂ ತನ್ನ ಅಳತೆಯ ಜಾತಕವನ್ನು ಕೇಬಲ್ ಮೂಲಕವೇ ಕಂಪ್ಯೂಟರಿಗೆ ಕಳಿಸುತ್ತದೆ. ಅದಕ್ಕೆ ಇಡಿಐಡಿ ಎನ್ನುತ್ತಾರೆ. ಕಳಪೆ ಕೇಬಲ್ಲು, ಕಳಪೆ ಪರಿವರ್ತಕ ಆ ಜಾತಕವನ್ನು ದಾರಿಯಲ್ಲೇ ನುಂಗುತ್ತವೆ. ಬೇರೆಯವರಿಂದ ಒಳ್ಳೆಯ ಕೇಬಲ್ ಒಂದು ಗಂಟೆಗೆ ಕಡ ತಂದು ನೋಡಿ. ಹೊಸ ಮಾನಿಟರಿಗೆ ದುಡ್ಡು ಸುರಿಯುವ ಮೊದಲು ಇದನ್ನು ಮಾಡಿ.

ಕೇಬಲ್ ಸರಿಯಿದ್ದರೆ ದುಭಾಷಿಯನ್ನು ವಿಚಾರಿಸಿ. ಎಲ್-ಎಸ್-ಪಿ-ಸಿ-ಐ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಮತ್ತು ಕೆ ಅಕ್ಷರ ಸೇರಿಸಿ. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಯಾವ ಡ್ರೈವರ್ ದುಡಿಯುತ್ತಿದೆ ಎಂದು ತೋರಿಸುತ್ತದೆ. ಇಂಟೆಲ್, ಎಎಂಡಿಗಳ ಡ್ರೈವರ್ ಕರ್ನಲ್ಲಿನೊಳಗೇ ಇರುತ್ತದೆ. ಎನ್‌ವಿಡಿಯಾ ಜೊತೆ ಲಿನಕ್ಸಿನವರ ಜಗಳ ಹಳೆಯದು. 2012ರಲ್ಲಿ ಟೊರ್ವಾಲ್ಡ್ಸ್ ತುಂಬಿದ ಸಭೆಯಲ್ಲೇ ಆ ಕಂಪನಿಯನ್ನು ಬೈದರು. 2022ರ ಮೇ ತಿಂಗಳಲ್ಲಿ ಅದು ಹೊಸ ಕಾರ್ಡುಗಳ ಕರ್ನಲ್ ಭಾಗದ ಮೂಲ ಬರಹವನ್ನು ತೆರೆದಿಟ್ಟಿತು. ಹಳೆಯ ಕಾರ್ಡುಗಳಿಗೆ ನೌವೋ ಎಂಬ ಮುಕ್ತ ಡ್ರೈವರ್, ಇಲ್ಲವೇ ಕಂಪನಿಯ ಮುಚ್ಚಿದ ಡ್ರೈವರ್. ಮುಚ್ಚಿದ್ದನ್ನು ಹಾಕಿದ ಮೇಲೂ ಪರದೆ ಒಂದೇ ಇದ್ದರೆ ಬಯಾಸಿನ ಸೆಕ್ಯೂರ್ ಬೂಟ್ ನೋಡಿ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೇ ಬಿಡುವುದಿಲ್ಲ.

ಇನ್ನೊಂದು ಮರೆತ ಮುಳ್ಳಿದೆ. ಲಿನಕ್ಸ್ ಹಾಕುವಾಗ ಪರದೆ ಕಪ್ಪಾಯಿತೆಂದು ಯಾರೋ ಹೇಳಿದ ಮಾತು ಕೇಳಿ ನೋಮೋಡ್‌ಸೆಟ್ ಎಂಬ ಪದ ಸೇರಿಸಿರುತ್ತೀರಿ. ಆ ಹೊತ್ತಿಗೆ ಅದು ಮದ್ದು. ಆಮೇಲೂ ಗ್ರಬ್‌ನಲ್ಲಿ ಉಳಿದುಬಿಟ್ಟರೆ ಕಾರ್ಡಿನ ನಿಜವಾದ ಡ್ರೈವರ್ ಕೆಲಸಕ್ಕೇ ಇಳಿಯದು, ಎರಡನೇ ಮಾನಿಟರ್ ಕಣ್ಣಿಗೇ ಬೀಳದು. ಅದನ್ನು ಅಳಿಸಿ, ಗ್ರಬ್ಬನ್ನು ನವೀಕರಿಸಿ, ರೀಬೂಟ್ ಮಾಡಿ.

ಸೆಕೆಂಡ್‌ಹ್ಯಾಂಡಿನ ಚೌಕ ಮಾನಿಟರ್ ತಂದವರಿಗೆ ಒಂದು ಮಾತು. ಒಂದರ ಎತ್ತರ 1080 ಚುಕ್ಕೆ, ಇನ್ನೊಂದರದು 1024. ಮಧ್ಯೆ 56 ಚುಕ್ಕೆಯ ಗೋಡೆ ಉಳಿಯುತ್ತದೆ. ಇಲಿಬಾಣ ಅಲ್ಲಿ ತಡೆದರೆ ಮೌಸ್ ಕೆಟ್ಟಿತೆಂದು ಎಸೆಯಬೇಡಿ. ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಸಿ, ದಾಟುತ್ತದೆ.

ಕೈ ಕೆಸರಾಗಲಿ

ಗೆಳೆಯರೇ, ನಮ್ಮನ್ನು ಸೋಲಿಸುವುದು ಯಂತ್ರವಲ್ಲ. ಪರದೆಯ ಮೇಲೆ ಇಂಗ್ಲಿಷಿನ ನಾಲ್ಕು ಸಾಲು ಬಂದ ತಕ್ಷಣ ಓದದೆ ಕಿಟಕಿ ಮುಚ್ಚುವ ನಮ್ಮ ಅಂಜಿಕೆ. ಆ ಸಾಲು ನಿಮ್ಮನ್ನು ಬೈಯುತ್ತಿಲ್ಲ, ಎಲ್ಲಿ ನೋಯುತ್ತಿದೆ ಎಂದು ಹೇಳುತ್ತಿದೆ. ನಿಧಾನವಾಗಿ ಓದಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಏನು ಬದಲಿಸಿದಿರಿ ಎಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಐದು ಬದಲಾವಣೆ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಹೋಯಿತೆಂದು ಗೊತ್ತಾಗದು.

ಬರೆಯುವುದನ್ನು ಕನ್ನಡದಲ್ಲೇ ಬರೆಯಿರಿ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರೆ ಕಗಪ ವಿನ್ಯಾಸ ಅಲ್ಲೇ ಇದೆ. ಕೊಳ್ಳುವುದೂ ಬೇಡ, ಕದಿಯುವುದೂ ಬೇಡ. ಯೂನಿಕೋಡಿನಲ್ಲಿ ಬರೆದದ್ದು ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಉಳಿಯುತ್ತದೆ. ನಿಮ್ಮ ಡಾಂಗಲ್ಲಿನ ಹೆಸರು, ಎದುರಾದ ತೊಂದರೆ, ಕೊಟ್ಟ ಆದೇಶ, ಸಿಕ್ಕ ಫಲ ಎಲ್ಲವನ್ನೂ ಬರೆದು ಪಕ್ಕದ ಬೀದಿಯ ಹುಡುಗಿಗೆ ಕೊಡಿ. ನಿಮಗೆ ಎರಡು ದಿನ ಹಿಡಿದದ್ದು ಅವಳಿಗೆ ಹತ್ತು ನಿಮಿಷದಲ್ಲಿ ಮುಗಿಯಲಿ. ಲಿನಕ್ಸ್ ಬೆಳೆದದ್ದೇ ಹೀಗೆ, ಗೊತ್ತಾದವನು ಗೊತ್ತಿಲ್ಲದವನಿಗೆ ಬರೆದು ಹಂಚಿದ್ದರಿಂದ.

ಈ ಭಾನುವಾರ ಅಟ್ಟದ ಮೇಲಿನ ಹಳೆಯ ಡೆಸ್ಕ್‌ಟಾಪನ್ನು ಕೆಳಗಿಳಿಸಿ, ಧೂಳು ಒರೆಸಿ. ಪಕ್ಕದ ಮನೆಯವರು ಮೂಲೆಗೆ ಹಾಕಿದ ಮಾನಿಟರನ್ನು ಕೇಳಿ ತನ್ನಿ. ಕೈ ಕೆಸರಾಗಲಿ. ಎರಡನೇ ಪರದೆ ಹತ್ತಿದ ದಿನ ಇನ್ನೊಬ್ಬರಿಗೆ ಕಲಿಸಲು ಹೊರಡಿ.