ಆಟಿಕೆಗಳಿಗೂ ಋತುಮಾನವಿದೆ

(ಮಳೆಗಾಲಕ್ಕೆ ಮುನ್ನ ನಡೆದ ಬಳಗದ ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಕಾಡು, ಹೊಳೆ, ಗುಡ್ಡಕುಸಿತಗಳ ಬಗ್ಗೆ ಚರ್ಚೆ ನಡೆಯುವ ಈ ಸಭೆಯಲ್ಲಿ ಮಕ್ಕಳ ಆಟಿಕೆಗಳ ವಿಷಯ ಎತ್ತಿಕೊಂಡರೆ ಕೆಲವರಿಗೆ ನಗು ಬರಬಹುದು. ಈ ವಿಷಯ ನನ್ನನ್ನು ಕಾಡತೊಡಗಿದ್ದು ನನ್ನ ಮನೆಯ ಬಚ್ಚಲೊಲೆಯ ಮುಂದೆ. ಕಳೆದ ವರ್ಷ ಮಳೆ ಹಿಡಿಯುವ ಮೊದಲು ಮನೆ ಚೊಕ್ಕಟ ಮಾಡುತ್ತಿದ್ದೆ. ಚಕ್ರ ಮುರಿದ ಪ್ಲಾಸ್ಟಿಕ್ ಕಾರು, ಕೈ ಕಿತ್ತುಹೋದ ಬೊಂಬೆ, ದನಿ ನಿಂತ ಪೀಪಿ, ಹೀಗೆ ಒಂದು ಗೋಣಿಚೀಲದಷ್ಟು ಸಾಮಾನು ಸಿಕ್ಕಿತು. ಹಿಂದುಮುಂದು ನೋಡದೆ ಎಲ್ಲವನ್ನೂ ಒಲೆಗೆ ತುಂಬಿದೆ. ಕಮಟು ಹೊಗೆ ಮನೆಯನ್ನೆಲ್ಲ ಕವಿಯಿತು. ಆರು ವರ್ಷದ ಮೊಮ್ಮಗ ಕೆಮ್ಮುತ್ತ ಬಂದು, "ಅಜ್ಜಿ, ನನ್ನ ಕಾರು ಈಗ ಎಲ್ಲಿ ಹೋಯಿತು?" ಎಂದು ಕೇಳಿದ. "ಸುಟ್ಟುಹೋಯಿತು ಮಗಾ" ಎಂದೆ. ಮರುದಿನ ಬೆಳಿಗ್ಗೆ ವಾಡಿಕೆಯಂತೆ ಒಲೆಯ ಬೂದಿಯನ್ನು ಬಸಳೆ ಚಪ್ಪರದ ಬುಡಕ್ಕೆ ಹಾಕಲು ಹೊರಟಾಗ ಕೈ ತಡೆಯಿತು. ಅವನ ಕಾರು ಎಲ್ಲಿಗೆ ಹೋಗುತ್ತಿದೆ ಎಂಬುದು ಆಗ ನನಗೆ ಹೊಳೆಯಿತು. ಬಸಳೆಯ ಬುಡಕ್ಕೆ, ಅಲ್ಲಿಂದ ಅವನದೇ ಊಟದ ತಟ್ಟೆಗೆ.

ಅನೇಕ ಮೆತ್ತನೆಯ ಆಟಿಕೆಗಳು ಪಿವಿಸಿ ಎಂಬ ಪ್ಲಾಸ್ಟಿಕ್ಕಿನಿಂದಾದವು. ಅದರಲ್ಲಿ ಕ್ಲೋರಿನ್ ಅಂಶವಿರುವುದರಿಂದ, ಒಲೆಯ ಅರೆಬರೆ ಬೆಂಕಿಯಲ್ಲಿ ಸುಟ್ಟಾಗ ಗಂಟಲು ಕೆರಳಿಸುವ ಆಮ್ಲದ ಅನಿಲವೂ ಡಯಾಕ್ಸಿನ್ ಎಂಬ ವಿಷವಸ್ತುಗಳೂ ಹುಟ್ಟುತ್ತವೆ. ಡಯಾಕ್ಸಿನ್ ಬೇಗ ಕೊಳೆತು ನಾಶವಾಗುವಂಥದ್ದಲ್ಲ. ಬೂದಿಯಲ್ಲಿ, ಮಣ್ಣಿನಲ್ಲಿ, ಪ್ರಾಣಿಗಳ ಕೊಬ್ಬಿನಲ್ಲಿ ಅದು ಬಹುಕಾಲ ಉಳಿಯುತ್ತದೆ. ಸುಡದೆ ಎಸೆದರೂ ಪಾರಿಲ್ಲ. ನಮ್ಮ ಒಂಟಿಮನೆಗಳ ದಾರಿಗೆ ಕಸದ ಗಾಡಿ ಹತ್ತಿ ಬರುವುದಿಲ್ಲ. ಧರೆಯ ಕೆಳಗೆ ಎಸೆದದ್ದು ಮೊದಲ ದೊಡ್ಡ ಮಳೆಗೆ ಹಳ್ಳ ಸೇರಿ, ಹಳ್ಳದಿಂದ ಹೊಳೆ ಸೇರುತ್ತದೆ. ಗುಡ್ಡದ ಮೇಲೆ ಬದುಕುವವರಿಗೆ 'ಆಚೆ ಎಸೆಯುವುದು' ಎಂದರೆ ಕೆಳಗಿನ ಮನೆಯವರ ನೀರಿಗೆ ಎಸೆಯುವುದು ಎಂದೇ ಅರ್ಥ.

ಇಷ್ಟೊಂದು ಆಟಿಕೆಗಳು ಬಂದುದಾದರೂ ಹೇಗೆ? ಜಾತ್ರೆಯಲ್ಲಿ ಒಂದು, ಹುಟ್ಟುಹಬ್ಬಕ್ಕೆ ನಾಲ್ಕು, ಬೆಂಗಳೂರಿನಿಂದ ಬಂದ ಮಾವ ತಂದದ್ದು ಎರಡು. ಯಾರದ್ದೂ ದುರುದ್ದೇಶವಿಲ್ಲ. ಮಗು ಒಂದು ವಾರ ಆಡಿ ಬದಿಗಿಟ್ಟಾಗ ನಾವು, "ಅದಕ್ಕೆ ಬೇಸರ ಬಂದಿದೆ, ಹೊಸದು ಬೇಕು" ಎಂದು ತಿಳಿಯುತ್ತೇವೆ. ತಪ್ಪುವುದು ಇಲ್ಲಿಯೇ.

2018ರಲ್ಲಿ ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಂದೂವರೆಯಿಂದ ಎರಡೂವರೆ ವರ್ಷದ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳೊಡನೆ, ಇನ್ನೊಮ್ಮೆ 16 ಆಟಿಕೆಗಳೊಡನೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು ಕಳೆದರು ಮತ್ತು ಒಂದೇ ಆಟಿಕೆಯನ್ನು ಹೆಚ್ಚು ಬಗೆಯಲ್ಲಿ ಬಳಸಿ ಆಡಿದರು. ಹದಿನಾರು ಇದ್ದಾಗ ಒಂದರಿಂದ ಇನ್ನೊಂದಕ್ಕೆ ಹಾರುತ್ತಿದ್ದರು. ಇದು ಚಿಕ್ಕ ಅಧ್ಯಯನ, ಎಲ್ಲ ವಯಸ್ಸಿನ ಮಕ್ಕಳಿಗೂ ಇದೇ ಲೆಕ್ಕ ಎಂದು ಹೇಳಲಾಗದು. ಆದರೆ ಮೂವತ್ತು ವರ್ಷ ಒಂದನೆಯ ತರಗತಿಯ ಮಕ್ಕಳ ನಡುವೆ ಕಳೆದ ನನಗೆ ಇದು ಕಂಡ ಸಂಗತಿಯೇ. ಬಳಪದ ಪೆಟ್ಟಿಗೆಯನ್ನೇ ಮುಂದಿಟ್ಟರೆ ಚೆಲ್ಲಾಟ. ಎರಡೇ ಬಳಪ ಕೊಟ್ಟರೆ ಚಿತ್ರ.

ನಮ್ಮ ಹಿರಿಯರಿಗೆ ಇದನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಆಟಗಳನ್ನು ಕಾಲವೇ ಸರದಿಯ ಮೇಲೆ ಕೊಡುತ್ತಿತ್ತು, ಕಾಲವೇ ಹಿಂದಕ್ಕೆ ಪಡೆಯುತ್ತಿತ್ತು. ಅಡಿಕೆಯ ಹಾಳೆ ಬಿದ್ದಾಗ ಅದರ ಮೇಲೆ ಒಬ್ಬರನ್ನು ಕೂರಿಸಿ ಎಳೆಯುವ ಆಟ, ಅಂಗಳ ಒಣಗಿದಾಗ ಬುಗುರಿ ಮತ್ತು ಚಿನ್ನಿದಾಂಡು, ಜಡಿಮಳೆಯಲ್ಲಿ ಜಗುಲಿಯ ಮೇಲೆ ಚೆನ್ನೆಮಣೆ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಳು, ಇಬ್ಬರು ಆಟಗಾರರು. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಚೆನ್ನೆಮಣೆಯನ್ನು ಕೆಳಗಿಳಿಸಿ, ತಿಂಗಳು ಕಳೆದ ಮೇಲೆ ಮತ್ತೆ ಒಳಗಿಡುವ ಸಂಪ್ರದಾಯವಿತ್ತು. ಬೇರೆ ತಿಂಗಳಲ್ಲಿ ಆಡಬಾರದೆಂಬ ನಂಬಿಕೆಯೂ ಇತ್ತು. ನಂಬಿಕೆಯ ಮಾತು ಹಾಗಿರಲಿ, ಹನ್ನೊಂದು ತಿಂಗಳು ಕಾಣದ ಮಣೆ ಹನ್ನೆರಡನೆಯ ತಿಂಗಳಲ್ಲಿ ಹೊಸತಾಗಿಯೇ ಬರುತ್ತಿತ್ತು. ಕಾಸು ಖರ್ಚಿಲ್ಲದೆ ಒದಗುವ ಹೊಸತನವಿದು. ಇಂದು ನಾವು ಮನೆಯಲ್ಲಿ ಮಾಡಬೇಕಾದುದೂ ಇಷ್ಟೇ.

ಬೂದಿಯ ಪ್ರಸಂಗದ ಬಳಿಕ ನಾನೂ ಸೊಸೆಯೂ ಕುಳಿತು ಮಾಡಿದ ಕ್ರಮವನ್ನು ಹೇಳುತ್ತೇನೆ. ಮೊದಲು ಎಲ್ಲ ಆಟಿಕೆಗಳನ್ನು ಜಗುಲಿಯ ಮೇಲೆ ಸುರಿದೆವು. ಮಗುವನ್ನೂ ಜೊತೆಗೆ ಕೂರಿಸಿಕೊಂಡೆವು. ಕದ್ದುಮುಚ್ಚಿ ಮಾಡಿದರೆ ಅದರ ನಂಬಿಕೆ ಕೆಡುತ್ತದೆ. ಬಳಸುವಂಥವು, ದುರಸ್ತಿಗೆ ಬರುವಂಥವು, ಬೇರೆ ಮಗುವಿಗೆ ಕೊಡಬಹುದಾದವು, ಇನ್ನು ಆಗದು ಎನ್ನುವಂಥವು ಎಂದು ನಾಲ್ಕು ರಾಶಿ ಮಾಡಿದೆವು. ಬಳಸುವಂಥವನ್ನು ಮತ್ತೆ ಬಗೆಯಂತೆ ವಿಂಗಡಿಸಿದೆವು: ಕಟ್ಟುವ ಆಟಕ್ಕೆ ಮರದ ತುಂಡುಗಳು, ಮನೆಯಾಟಕ್ಕೆ ಚಿಕ್ಕ ಪಾತ್ರೆಗಳು ಮತ್ತು ಬೊಂಬೆ, ಓಡಾಟಕ್ಕೆ ಚೆಂಡು ಮತ್ತು ಗಾಡಿ, ಯೋಚನೆಗೆ ಚೆನ್ನೆಮಣೆ ಮತ್ತು ಚಿತ್ರದ ತುಂಡುಗಳು. ಒಂದೊಂದು ಬಗೆಯಿಂದ ಒಂದೋ ಎರಡೋ ಆರಿಸಿ, ಮಗುವಿನ ಕೈಗೆ ಎಟಕುವ ತಗ್ಗಿನ ಹಲಗೆಯ ಮೇಲೆ ಇಟ್ಟೆವು. 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಶಿಶುಮನೆಯನ್ನು ತೆರೆದ ಮರಿಯಾ ಮಾಂಟೆಸ್ಸೋರಿಯವರ ಪದ್ಧತಿಯಲ್ಲಿಯೂ ತಗ್ಗಿನ ತೆರೆದ ಹಲಗೆ, ಪ್ರತಿ ವಸ್ತುವಿಗೆ ಒಂದು ಜಾಗ ಎಂಬ ನಿಯಮವಿದೆ. ಜಾಗ ಗೊತ್ತಿದ್ದರೆ ತೆಗೆದಿಡುವುದನ್ನು ಮಗುವೇ ಕಲಿಯುತ್ತದೆ. ಇಲ್ಲವಾದರೆ ಆ ಕೆಲಸವೂ ಮನೆಯ ಹೆಂಗಸರ ತಲೆಗೇ ಕಟ್ಟಿದ್ದು.

ಉಳಿದವುಗಳನ್ನು ಮೂರು ಡಬ್ಬಿಗಳಿಗೆ ತುಂಬಿ, ಒಳಗಿರುವುದರ ಹೆಸರು ಬರೆದು ಅಂಟಿಸಿ ಅಟ್ಟಕ್ಕೆ ಏರಿಸಿದೆವು. ಎರಡು ಮೂರು ವಾರಕ್ಕೊಮ್ಮೆ ಒಂದು ಡಬ್ಬಿ ಇಳಿಯುತ್ತದೆ, ಹಲಗೆಯ ಮೇಲಿದ್ದುದು ಮೇಲೇರುತ್ತದೆ. ದಿನ ಎಣಿಸಬೇಕಿಲ್ಲ, ಮಗು ಆಟಿಕೆಗಳನ್ನು ಬರಿದೆ ಎಸೆಯತೊಡಗಿದರೆ ಅದೇ ಸೂಚನೆ. ಎರಡು ಮಾತು ಮಾತ್ರ ನೆನಪಿರಲಿ. ಮಗು ರಾತ್ರಿ ತಬ್ಬಿ ಮಲಗುವ ಬೊಂಬೆ ಸರದಿಗೆ ಸೇರಿದ್ದಲ್ಲ, ಅದನ್ನು ಮುಟ್ಟಬೇಡಿ. ಅಟ್ಟಕ್ಕೆ ಏರಿಸುವುದನ್ನು ಶಿಕ್ಷೆಯನ್ನಾಗಿ ಎಂದೂ ಬಳಸಬೇಡಿ.

ನಮ್ಮ ಮಳೆಗಾಲಕ್ಕೆ ಬೇರೆಯೇ ಎಚ್ಚರ ಬೇಕು. ಬಟ್ಟೆಯ ಬೊಂಬೆಗೂ ಮರದ ಆಟಿಕೆಗೂ ಬೂಷ್ಟು ಹಿಡಿಯುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಅರಗು ಬಳಿದ ಚನ್ನಪಟ್ಟಣದ ಆಟಿಕೆಯನ್ನು ನೀರಿನಲ್ಲಿ ನೆನೆಸದೆ, ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಬ್ಯಾಟರಿಯ ಆಟಿಕೆಯನ್ನು ಮೇಲಿಡುವ ಮುನ್ನ ಸೆಲ್ ತೆಗೆಯಿರಿ, ಇಲ್ಲವಾದರೆ ಸೋರಿ ಆಟಿಕೆಯೂ ಹಾಳು. ಗುಂಡಿಯಾಕಾರದ ಚಿಕ್ಕ ಸೆಲ್ಲನ್ನು ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟು ಗಾಯವಾಗಬಹುದು. ಆಸ್ಪತ್ರೆ ದೂರವಿರುವ ನಮ್ಮಂಥವರು ಅಂಥ ಆಟಿಕೆಯನ್ನು ಕೊಳ್ಳದಿರುವುದೇ ಲೇಸು. ಸಹಜವಾದುದೆಲ್ಲ ನಿರಪಾಯವೆಂದೂ ತಿಳಿಯಬಾರದು. ಚೆಲುವಾದ ಗುಲಗಂಜಿಯೊಳಗೆ ಕಡುವಿಷವಿದೆ. ಮೂರು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಚೆನ್ನೆಯ ಕಾಳುಗಳೂ ಎತ್ತರದಲ್ಲಿರಲಿ.

ಕೊಳ್ಳಲೇಬೇಕಾದಾಗ ನೋಡಿ ಕೊಳ್ಳಿರಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಚನ್ನಪಟ್ಟಣದಂಥ ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೂ ವಿನಾಯಿತಿಯಿದೆ. ಹಾಳಾದ ಬ್ಯಾಟರಿ ಆಟಿಕೆ ಈಗ ಕಾನೂನಿನ ಲೆಕ್ಕದಲ್ಲಿ ಇ-ತ್ಯಾಜ್ಯ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳು ಆಟಿಕೆಗಳನ್ನೂ ಒಳಗೊಂಡಿವೆ. ಅವುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು, ಪೇಟೆಗೆ ಹೋದಾಗ ಸಂಗ್ರಹ ಕೇಂದ್ರಕ್ಕೆ ಕೊಡಬೇಕು. ಒಲೆಗಂತೂ ಹಾಕಬಾರದು.

ವಿದ್ಯಾರ್ಥಿ ಮಿತ್ರರೇ, ಇನ್ನು ನಿಮ್ಮ ಪಾಲಿನ ಕೆಲಸ. ಒಂದು ಮನೆಯ ಅಟ್ಟದಲ್ಲಿ ಮೂರು ಡಬ್ಬಿಯಿದ್ದರೆ ಇಪ್ಪತ್ತು ಮನೆಯ ಊರಿನಲ್ಲಿ ಅರವತ್ತು ಡಬ್ಬಿ. ಅವು ಮನೆಯಿಂದ ಮನೆಗೆ ಏಕೆ ತಿರುಗಬಾರದು? 1935ರಲ್ಲಿಯೇ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಪುಸ್ತಕದಂತೆ ಆಟಿಕೆಯನ್ನು ಎರವಲು ಕೊಡುವ ವ್ಯವಸ್ಥೆ ಆರಂಭವಾಗಿತ್ತು. ನಮ್ಮ ಶಾಲೆಯ ಒಂದು ಕಪಾಟು, ಒಂದು ನೋಟ್‌ಬುಕ್, ಶನಿವಾರದ ಒಂದು ಗಂಟೆ ಇದಕ್ಕೆ ಸಾಕು. ದುರಸ್ತಿಯ ಕೆಲಸವನ್ನು ದೊಡ್ಡ ತರಗತಿಯವರು ವಹಿಸಿಕೊಳ್ಳಿ. ಕಾನ್ಪುರದ ಐಐಟಿಯಲ್ಲಿ ಓದಿದ ಅರವಿಂದ ಗುಪ್ತಾ ಅವರು ಕಡ್ಡಿಪೆಟ್ಟಿಗೆ, ಹಳೆಯ ಪತ್ರಿಕೆ, ಸೈಕಲ್ಲಿನ ವಾಲ್ವ್ ಟ್ಯೂಬುಗಳಂಥ ವಸ್ತುಗಳಿಂದ ವಿಜ್ಞಾನದ ಆಟಿಕೆಗಳನ್ನು ಮಾಡುವುದನ್ನು ದಶಕಗಳಿಂದ ದೇಶದ ಮಕ್ಕಳಿಗೆ ಕಲಿಸಿದ್ದಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮುರಿದ ಆಟಿಕೆಯನ್ನು ಬಿಚ್ಚಿ ನೋಡಿದ ಮಗುವಿಗೆ ಹೊಸದನ್ನು ಕೊಂಡ ಮಗುವಿಗಿಂತ ಹೆಚ್ಚು ತಿಳಿದಿರುತ್ತದೆ.

ಆ ಬೂದಿಯನ್ನು ನಾನು ಹಾಕಿದ್ದು ಎಲ್ಲಿಗೆ ಎಂದು ನೀವು ಕೇಳಬಹುದು. ಎಲ್ಲಿಗೂ ಹಾಕಲಾಗಲಿಲ್ಲ. ಒಂದು ಹಳೆಯ ಡಬ್ಬಿಯಲ್ಲಿ ತುಂಬಿ ಮುಚ್ಚಳ ಬಿಗಿದು ಕೊಟ್ಟಿಗೆಯ ಮೂಲೆಯಲ್ಲಿಟ್ಟಿದ್ದೇನೆ. ಅದು ಇಂದಿಗೂ ಅಲ್ಲೇ ಇದೆ. ಅಟ್ಟದ ಮೂರು ಡಬ್ಬಿಗಳು ಸರದಿಯಂತೆ ಇಳಿಯುತ್ತವೆ, ಏರುತ್ತವೆ. ಈ ನಾಲ್ಕನೆಯ ಡಬ್ಬಿಗೆ ಮಾತ್ರ ಹೋಗುವ ಜಾಗವಿಲ್ಲ. ನಿಮ್ಮ ಮನೆಗಳಲ್ಲಿ ಅಂಥ ಡಬ್ಬಿಯೊಂದು ಹುಟ್ಟದಿರಲಿ ಎಂದು ಕೋರುತ್ತ ನನ್ನ ಮಾತು ಮುಗಿಸುತ್ತೇನೆ.