ಬಂದೂಕು ಮಾರುವವರ ಹೊಣೆ

ಎತ್ತು ಮಾರಿದರೆ ಸಂತೆಯಲ್ಲಿ ಚೀಟಿ ಬರೆಸಿಕೊಳ್ಳುತ್ತೇವೆ. ಹೊಲ ಮಾರಿದರೆ ಖರೀದಿಪತ್ರ ನೋಂದಣಿಯಾಗಿ ಪಹಣಿಯಲ್ಲಿ ಹೆಸರು ಬದಲಾಗುವವರೆಗೆ ನಮಗೆ ನಿದ್ದೆ ಹತ್ತುವುದಿಲ್ಲ. ಆದರೆ ಹಿರಿಯರ ಕಾಲದ ಬಂದೂಕೊಂದನ್ನು ಮಾರುವ ಪ್ರಸಂಗ ಬಂದಾಗ ಮಾತ್ರ, "ಕೊಳ್ಳುವವನು ನಮ್ಮವನೇ ತಾನೆ, ಕಾಗದವೇಕೆ?" ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಬರುತ್ತದೆ. ಈ ದಾಕ್ಷಿಣ್ಯದ ಮಾತೇ ಮುಂದೆ ತೊಂದರೆಗೆ ಮೂಲವಾಗುತ್ತದೆಂಬುದನ್ನು ಕೇಳುಗರ ಮುಂದಿಡುವುದು ಈ ಭಾಷಣದ ಉದ್ದೇಶ.

ಆಯುಧಕ್ಕೂ ಕಾಗದಕ್ಕೂ ನಮ್ಮ ನಾಡಿನಲ್ಲಿ ಹಳೆಯ ವೈರವಿದೆ. 1857ರಲ್ಲಿ ಆಂಗ್ಲ ಸರಕಾರವು ಪ್ರಜೆಗಳ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ಒಪ್ಪದೆ ಎದ್ದುನಿಂತರು, ಪ್ರಾಣವನ್ನೂ ತೆತ್ತರು. ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚುಹಾಕಿಸಿದ ಲಾವಣಿಗಳಲ್ಲಿ ಆ ವೀರರ ಕಥೆಯೂ ಉಂಟು. ಅದು ಪರಕೀಯರು ಪ್ರಜೆಯನ್ನು ನಂಬದೆ ಮಾಡಿದ ಕಟ್ಟಳೆ. 1878ರ ಆಯುಧ ಕಾಯಿದೆಯೂ ಅದೇ ಜಾಡಿನದು. ಅದನ್ನು ತೆಗೆದುಹಾಕಿ ನಮ್ಮ ಪಾರ್ಲಿಮೆಂಟು 1959ರಲ್ಲಿ ಹೊಸ ಕಾಯಿದೆಯನ್ನು ರಚಿಸಿತು. 1962ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂದಿತು. ಈ ಕಾಯಿದೆಯು ಯೋಗ್ಯನಾದ ಪ್ರಜೆಗೆ ಆಯುಧವನ್ನು ನಿರಾಕರಿಸುವುದಿಲ್ಲ. ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡುವ ಮಾತು ಅದರಲ್ಲಿಯೇ ಇದೆ. ತೊಗರಿಯ ಹೊಲಕ್ಕೆ ಹಂದಿ ನುಗ್ಗುವ ಕಷ್ಟ ಬಲ್ಲ ನಮ್ಮ ಆಳಂದ ಸೀಮೆಯ ರೈತರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಹೀಗಿರಲು, ಮಾರಾಟದ ಮಾತಿಗೆ ಬರೋಣ. ಸ್ವಂತ ಉಪಯೋಗಕ್ಕೆಂದು ನ್ಯಾಯವಾಗಿ ಇಟ್ಟುಕೊಂಡ ಬಂದೂಕನ್ನು, ಅದನ್ನು ಹೊಂದಲು ಅರ್ಹನಾದ ಇನ್ನೊಬ್ಬನಿಗೆ ಮಾರಲು ವ್ಯಾಪಾರಿಯ ಪರವಾನಗಿ ಬೇಕಿಲ್ಲ. ಆದರೆ 5ನೆಯ ಕಲಮು ಎರಡು ಷರತ್ತುಗಳನ್ನು ಹಾಕುತ್ತದೆ. ಮಾರುವ ಇಚ್ಛೆಯನ್ನೂ ಕೊಳ್ಳುವವನ ಹೆಸರು ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗಳಿಗಾಗಲಿ ಹತ್ತಿರದ ಪೊಲೀಸ್ ಠಾಣೆಯ ಅಧಿಕಾರಿಗಾಗಲಿ ಬರಹದಲ್ಲಿ ತಿಳಿಸತಕ್ಕದ್ದು. ಹಾಗೆ ತಿಳಿಸಿದ ಮೇಲೆ 45 ದಿನಗಳಾದರೂ ಕಳೆದಿರತಕ್ಕದ್ದು. ನಿಂಬರ್ಗಾದವನಾದರೆ ಊರಿನ ಠಾಣೆಗೇ ಬರೆದುಕೊಡಬಹುದು, ಇಲ್ಲವೆ ಕಲಬುರಗಿಯ ದಂಡಾಧಿಕಾರಿಗಳಿಗೆ ಕಳುಹಿಸಬಹುದು. ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ನಲವತ್ತೈದು ದಿನ ಏಕೆಂದು ಕೆಲವರು ಕೇಳಬಹುದು. ಕೊಳ್ಳುವವನು ಎಂಥವನೆಂದು ವಿಚಾರಿಸಲು ಸರಕಾರಕ್ಕೆ ಅವಕಾಶ ಬೇಡವೆ?

ಮಾರುವವನೂ ವಿಚಾರಿಸಲೇಬೇಕು. ಇಪ್ಪತ್ತೊಂದು ವರ್ಷ ತುಂಬದವನಿಗೆ ಕೊಡುವಂತಿಲ್ಲ. ಬಂದೂಕಿನ ಮೇಲೆ ತಯಾರಕನ ಹೆಸರು, ಸಂಖ್ಯೆ ಅಥವಾ ಬೇರೆ ಗುರುತು ಕೊರೆದಿರದಿದ್ದರೆ ಅದನ್ನು ಮಾರುವಂತೆಯೇ ಇಲ್ಲ. ಗುರುತು ಅಳಿಸಿದ ಬಂದೂಕು ಯಾರಲ್ಲಿ ಸಿಕ್ಕಿತೋ ಅವನೇ ಅಳಿಸಿದನೆಂದು ಕಾಯಿದೆ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಭಾರ ಅವನದೇ. ಪರವಾನಗಿಯಲ್ಲಿ ಈಗ ವಿಶಿಷ್ಟ ಗುರುತಿನ ಸಂಖ್ಯೆ ಇರುತ್ತದೆ. ಅದನ್ನೂ ಪರವಾನಗಿಯ ಅವಧಿಯನ್ನೂ ಕಣ್ಣಾರೆ ನೋಡಿಕೊಳ್ಳಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಉಂಟು. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಆ ಮಾತನ್ನು ಕೇಳಿ ನಮ್ಮ ಕಡೆಯವರು ಮೋಸಹೋಗಬಾರದು.

ಬರಹದ ಲೆಕ್ಕ ಹೇಗಿರಬೇಕು? ಠಾಣೆಗೆ ಕೊಟ್ಟ ಪತ್ರದ ಪ್ರತಿಯ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ಕೊಳ್ಳುವವನ ಪರವಾನಗಿಯ ಪ್ರತಿಯನ್ನು ಇಟ್ಟುಕೊಳ್ಳಿ. ಬಂದೂಕಿನ ಜಾತಿ, ತಯಾರಕರ ಹೆಸರು, ಸಂಖ್ಯೆ, ಕೊಟ್ಟ ದಿನ, ಪಡೆದ ಹಣ, ಜೊತೆಗೆ ಕೊಟ್ಟ ತೋಟೆಗಳ ಎಣಿಕೆ, ಇಷ್ಟನ್ನೂ ಬರೆದು ಕೊಂಡವನ ರುಜುವನ್ನೂ ಇಬ್ಬರು ಸಾಕ್ಷಿಗಳ ರುಜುವನ್ನೂ ಪಡೆಯಿರಿ. ಕಡೆಗೆ ನಿಮ್ಮ ಪರವಾನಗಿಯಲ್ಲಿ ಆ ಬಂದೂಕಿನ ನಮೂದು ತೆಗೆದುಹಾಕಲ್ಪಟ್ಟಿತೇ ಎಂದು ನೋಡಿಕೊಳ್ಳಿ. ಇವುಗಳಲ್ಲಿ ಕೆಲವು ಕಾಯಿದೆಯ ಅಪ್ಪಣೆ, ಕೆಲವು ವಿವೇಕದ ಮಾತು. ಹಳೆಯ ಶಾನುಭೋಗರು ಕರಿಬಟ್ಟೆಯ ಕಡತದಲ್ಲಿ ಗುಂಟೆ ಗುಂಟೆಯ ಲೆಕ್ಕ ಬರೆದಿಟ್ಟಂತೆ ಈ ಕಾಗದಗಳನ್ನೂ ಮನೆಯ ಪೆಟ್ಟಿಗೆಯಲ್ಲಿ ಜೋಪಾನ ಮಾಡಬೇಕು.

ಯಜಮಾನನು ತೀರಿಕೊಂಡ ಮನೆಗಳ ವಿಷಯ ಬೇರೆ. ಪರವಾನಗಿಯು ಆಸ್ತಿಯಂತೆ ತಾನಾಗಿ ಮಕ್ಕಳಿಗೆ ಇಳಿಯುವುದಿಲ್ಲ. 21ನೆಯ ಕಲಮಿನಂತೆ ಬಂದೂಕನ್ನು ತಡಮಾಡದೆ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಇರಿಸಿ ರಶೀದಿ ಪಡೆಯಬೇಕು. ಅಲ್ಲಿಂದಲೇ ಅರ್ಹನಾದವನಿಗೆ ಮಾರಿ ಹಣ ಪಡೆಯುವ ಹಕ್ಕು ವಾರಸುದಾರರಿಗಿದೆ. ಗೊತ್ತಾದ ಅವಧಿ ಮೀರಿದರೆ ಬಂದೂಕು ಸರಕಾರದ ಪಾಲಾದೀತು. 2019ರ ತಿದ್ದುಪಡಿಯು ಒಬ್ಬನಿಗೆ ಮೂರು ಬಂದೂಕುಗಳೆಂದಿದ್ದ ಮಿತಿಯನ್ನು ಎರಡಕ್ಕೆ ಇಳಿಸಿದುದರಿಂದಲೂ ಬಂದೂಕು ಮಾರುವ ಪ್ರಸಂಗಗಳು ಹುಟ್ಟಿಕೊಂಡಿವೆ.

ತಪ್ಪಿದರೆ ದಂಡವೇನು? ತಿಳಿಸದೆ ಅಥವಾ 45 ದಿನ ಕಾಯದೆ ಮಾರಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಐದು ನೂರು ರೂಪಾಯಿವರೆಗೆ ದಂಡ, ಅಥವಾ ಎರಡೂ. ಅರ್ಹತೆಯನ್ನು ವಿಚಾರಿಸದೆ ಒಬ್ಬನ ಕೈಗೆ ಒಪ್ಪಿಸಿದವನಿಗೂ ಇಷ್ಟೇ ಶಿಕ್ಷೆಯನ್ನು 29ನೆಯ ಕಲಮು ವಿಧಿಸುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಪರವಾನಗಿಯೇ ಇಲ್ಲದವನಿಗೆ ಮಾರಿದರೆ 5ನೆಯ ಕಲಮಿನ ಆಸರೆ ತಪ್ಪಿಹೋಗುತ್ತದೆ. ಆ ಕಲಮನ್ನು ಮೀರಿದ ಮಾರಾಟಕ್ಕೆ 2019ರಿಂದ ಏಳು ವರ್ಷಕ್ಕೆ ಕಡಿಮೆಯಿಲ್ಲದೆ ಜೀವಾವಧಿಯವರೆಗೂ ಸೆರೆವಾಸವುಂಟು.

ಕಾಯಿದೆಯ ಮಾತು ಇಷ್ಟು. ಅದರಾಚೆಗೆ ಇನ್ನೊಂದು ಮಾತಿದೆ. ನಮ್ಮ ನೆರೆಯ ಸಿಂದಗಿ ತಾಲೂಕಿನಲ್ಲಿ ಹುಟ್ಟಿ, ವಚನ ಮತ್ತು ಶಾಸನಗಳ ಸಂಶೋಧನೆಯಲ್ಲಿ ಆಯುಷ್ಯ ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿಯೇ ಗುಂಡಿಕ್ಕಿ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದುದೂ ಅದೇ 7.65 ಮಿಲಿಮೀಟರಿನ ನಾಡ ಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯದವರು ತೋಟೆಗಳ ಮೇಲಿನ ಗೀರುಗಳನ್ನು ತಾಳೆನೋಡಿ ಹೇಳಿದರು. ಅಂಥ ನಾಡ ಪಿಸ್ತೂಲಿಗೆ ದಾಖಲೆಯಿಲ್ಲ. ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಲೆಕ್ಕವಿಲ್ಲದೆ ಮಾರಿದ ಒಳ್ಳೆಯ ಬಂದೂಕೂ ಆ ಸಾಲಿಗೇ ಸೇರುತ್ತದೆ. ಒಂದೇ ಭೇದವೆಂದರೆ, ಇದರ ಸಂಖ್ಯೆಯನ್ನು ಹಿಡಿದು ಹುಡುಕಿದವರು ಕಡೆಯದಾಗಿ ಬರೆದ ಹೆಸರಿನ ಮನೆಗೆ ಬರುತ್ತಾರೆ. ಆ ಹೆಸರು ಮಾರಿದವನದು.

ಆಗ "ನಾನು ಎಂದೋ ಮಾರಿದೆ" ಎಂದರೆ ನಂಬುವವರಾರು? ನಿರಪರಾಧಿಯ ಕೈಯಲ್ಲಿ ಮೊಹರು ಬಿದ್ದ ಒಂದು ಪತ್ರವಿದ್ದರೆ ಅವನ ಮಾತಿಗೆ ಬೆಲೆ ಬರುತ್ತದೆ, ತನಿಖೆಯೂ ಮುಂದಿನ ಮನೆಗೆ ಸಾಗುತ್ತದೆ. ಕೊಳ್ಳುವವನು ಬಂಧುವಾಗಿರಲಿ, ಗೆಳೆಯನಾಗಿರಲಿ, ಕಾಗದ ಕೇಳಿದರೆ ಬೇಸರಪಟ್ಟುಕೊಳ್ಳುವವನಿಗೆ ಬಂದೂಕನ್ನು ಮಾರದಿರುವುದೇ ಲೇಸು.