ಶಾಸ್ತ್ರಶೋಧನೆಯೂ ಸಮ್ಮತಿಯೂ



ಅಮೇರಿಕಾ ದೇಶದ ಅಲಬಾಮಾ ಪ್ರಾಂತದಲ್ಲಿ ಟಸ್ಕೀಗೀ ಎಂಬ ಊರುಂಟು. 1932ನೆಯ ಇಸವಿಯಲ್ಲಿ ಸರ್ಕಾರದ ವೈದ್ಯರು ಅಲ್ಲಿ ಸಿಫಿಲಿಸ್ ಎಂಬ ಗುಹ್ಯರೋಗದಿಂದ ಪೀಡಿತರಾದ 399 ಮಂದಿ ಬಡ ನೀಗ್ರೋ ಜನರನ್ನೂ, ಹೋಲಿಕೆಗಾಗಿ ರೋಗವಿಲ್ಲದ 201 ಮಂದಿಯನ್ನೂ ಆರಿಸಿಕೊಂಡರು. ಚಿಕಿತ್ಸೆಯಿಲ್ಲದಿದ್ದರೆ ರೋಗವು ದೇಹವನ್ನು ಹೇಗೆ ಕೆಡಿಸುವುದೆಂದು ನೋಡುವುದೇ ಉದ್ದೇಶ. ರೋಗಿಗಳಿಗಾದರೋ ರೋಗದ ಹೆಸರನ್ನೇ ತಿಳಿಸದೆ, ರಕ್ತ ಕೆಟ್ಟಿದೆಯೆಂದರು. ಪರೀಕ್ಷೆಗಾಗಿ ಬೆನ್ನಿಗೆ ಸೂಜಿ ಚುಚ್ಚಿದುದನ್ನೂ ಚಿಕಿತ್ಸೆಯೆಂದು ನಂಬಿಸಿದರು. ಪೆನಿಸಿಲಿನ್ನಿನಿಂದ ರೋಗವು ವಾಸಿಯಾಗುವುದೆಂದು 1940ರ ದಶಕದಲ್ಲಿ ಸಿದ್ಧವಾದ ಮೇಲೂ ಅದನ್ನು ಕೊಡಲಿಲ್ಲ. ಅದೇ ಇಲಾಖೆಯ ಪೀಟರ್ ಬಕ್ಸ್ಟನ್ ಎಂಬ ತರುಣನು 1966ರಲ್ಲಿ ಆಕ್ಷೇಪಿಸಿದನು, ಮೇಲಿನವರು ಕಿವಿಗೊಡಲಿಲ್ಲ. 1972ರಲ್ಲಿ ಪತ್ರಿಕೆಗಳು ಬಯಲುಮಾಡಿದ ಮೇಲೆಯೇ ಅದು ನಿಂತಿತು. ನಲವತ್ತು ವರ್ಷ!

ಈ ವೈದ್ಯರು ಮೂಢರಲ್ಲ, ಕಲಿತವರು. ಅದೇ ನನಗೆ ಭಯವನ್ನುಂಟುಮಾಡುವುದು. ಕಾಯವನ್ನು ಶಿವಾಲಯವೆಂದು ಬಗೆಯುವ ನಾವು ಇದನ್ನು ಏನೆನ್ನಬೇಕು? ಒಡೆಯನಿಗೆ ಸುಳ್ಳು ಹೇಳಿ ಅವನ ಆಲಯವನ್ನು ಹೊಕ್ಕಂತಾಯಿತು.

ನಮ್ಮ ದೇಶದಲ್ಲಿಯೂ ಈಗ ಹೊಸ ಔಷಧಿಯ ಪರೀಕ್ಷೆಗೆ ಒಳಗಾಗುವವನಿಗೆ ಅವನು ಬಲ್ಲ ಭಾಷೆಯಲ್ಲಿ ಸಕಲವನ್ನೂ ವಿವರಿಸಿ ಒಪ್ಪಿಗೆ ಪಡೆಯಬೇಕೆಂಬ ವಿಧಿಯುಂಟು. ಒಪ್ಪಿದವನು ನಡುವೆ ಬಿಟ್ಟುಬರಲೂಬಹುದು. ಆದಕಾರಣ ಕನ್ನಡದಲ್ಲಿ ತಿಳಿಯಹೇಳದ ಕಾಗದಕ್ಕೆ ಭಕ್ತರಾರೂ ಹೆಬ್ಬೆಟ್ಟೊತ್ತಬಾರದೆಂದು ಬೇಡಿಕೊಳ್ಳುವೆನು.